ಎರಡು ಹಲ್ಲಿನ ಹುಳ

ಟೀ ಬೇಕೋ ಕಾಫಿ ಬೇಕೋ ಎಂದು ಯಾರಾದರೂ ಕೇಳಿದರೆ ತಕ್ಕಡಿಗೆ ಹಣೆಯ ಮೇಲೆ ಬೆವರೊಡೆಯುತ್ತಿತ್ತು. ಟೀಯ ಪರವಾಗಿ ನಾಲ್ಕು ಮಾತು, ಕಾಫಿಯ ಪರವಾಗಿ ನಾಲ್ಕು ಮಾತು ಮನಸ್ಸಿನಲ್ಲೇ ಹೇಳಿಕೊಂಡು, ಎರಡನ್ನೂ ತೂಗಿ ನೋಡಿ, ಕೊನೆಗೆ "ನಿಮಗೆ ಯಾವುದು ಅನುಕೂಲವೋ ಅದು" ಎನ್ನುವಷ್ಟರಲ್ಲಿ ಕೇಳಿದವರು ಲೋಟ ತೊಳೆದು ಬೋರಲು ಹಾಕಿರುತ್ತಿದ್ದರು. ಪುರಸಭೆಯ ಆರೋಗ್ಯ ವಿಭಾಗದಲ್ಲಿ ಇಪ್ಪತ್ತೆರಡು ವರ್ಷದಿಂದ ಗುಮಾಸ್ತನಾಗಿದ್ದ ಈ ಮನುಷ್ಯನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದು ಇತ್ತು. ಅದು ಹಾಜರಿ ಪುಸ್ತಕದಲ್ಲಿ ಮಾತ್ರ ಬಳಕೆಯಲ್ಲಿತ್ತು. ಬೀದಿಗೆಲ್ಲ ಅವನು ತಕ್ಕಡಿ. ಅದೂ ಕಪ್ಪೆ ತುಂಬಿದ ತಕ್ಕಡಿ. ಒಂದನ್ನು ಹಿಡಿದು ಕೂರಿಸಿದರೆ ಇನ್ನೊಂದು ಹಾರುತ್ತಿತ್ತು.

ಇಂಥವನು ಒಂದು ಭಾನುವಾರ ಬೆಳಿಗ್ಗೆ ತೂಗದೆ ಮಾತಾಡಿಬಿಟ್ಟ. ಅನಾಹುತಕ್ಕೆ ಅಷ್ಟು ಸಾಕಾಯಿತು.

ಅವನ ಮಗಳು ಹತ್ತನೇ ತರಗತಿ ಮುಗಿಸಿದವಳು, ದಿನಾ ಬೆಳಿಗ್ಗೆ ಸಮುದ್ರಕ್ಕೆ ಹೋಗಿ ಅಲೆಯ ಮೇಲೆ ಹಲಗೆ ಓಡಿಸುವುದನ್ನು ಕಲಿಯುತ್ತಿದ್ದಳು. ಹಲಗೆ ಅವಳದಲ್ಲ, ಕೋಚ್ ಎರವಲು ಕೊಟ್ಟ ಹಳೆಯ ಸರ್ಫ್‌ಬೋರ್ಡು. ನಲವತ್ತು ದಿನಕ್ಕೆ ಸರಿಯಾಗಿ ಹುಡುಗಿಯರ ಸ್ಪರ್ಧೆಯಿತ್ತು. ಆ ಭಾನುವಾರ ಅವಳು ಕಾಂಪೌಂಡಿನ ಗೋಡೆಗೆ ಒರಗಿ ಪಕ್ಕದ ಮನೆಯ ಹೆಡ್‌ಮಿಸ್ಸಿಗೆ ಮೊಬೈಲಿನಲ್ಲಿ ಒಂದು ಚಿತ್ರ ತೋರಿಸುತ್ತಿದ್ದಳು. ಹೆಡ್‌ಮಿಸ್ ನಿವೃತ್ತರಾಗಿ ಹತ್ತು ವರ್ಷವಾಗಿತ್ತು. ಆದರೂ ಬೀದಿಯವರೆಲ್ಲ ಅವರೆದುರು ಬೆನ್ನು ನೆಟ್ಟಗೆ ಮಾಡಿಕೊಂಡೇ ನಿಲ್ಲುತ್ತಿದ್ದರು.

"ನೋಡಿ ಮೇಡಂ, ಇದು ಪೂರ್ತಿ ಮರದ್ದು. ಕೈಯಲ್ಲೇ ಮಾಡಿರೋದು. ಎಷ್ಟು ಚೆಂದ ಇದೆ ಅಲ್ವಾ?"

ಹೆಡ್‌ಮಿಸ್ ಕನ್ನಡಕ ಏರಿಸಿ, "ಮಾಡಿದವನು ಪುಣ್ಯಾತ್ಮ ಕಣೇ" ಎಂದರು.

ಯಾರೋ ಕಾಣದವನನ್ನು ತನ್ನ ಮಗಳೆದುರು ಪುಣ್ಯಾತ್ಮ ಎಂದದ್ದು ತಕ್ಕಡಿಗೆ ಸಹಿಸಲಾಗಲಿಲ್ಲ. ಗಿಡಕ್ಕೆ ನೀರು ಹಾಕುತ್ತಿದ್ದವನು ಚೊಂಬು ಕೆಳಗಿಟ್ಟು, "ಇದೇನು ಮಹಾ ಬ್ರಹ್ಮವಿದ್ಯೆ! ನಾನೇ ಮಾಡ್ತೀನಿ. ನಮ್ಮ ತಾತ ಬಡಗಿ" ಎಂದ. ತಾತ ಬಡಗಿಯಾಗಿರಲಿಲ್ಲ. ಬಡಗಿಯೊಬ್ಬನ ಮನೆಯಲ್ಲಿ ಬಾಡಿಗೆಗಿದ್ದರು.

ಮಗಳು ನಂಬಿದಳು. ಅಪ್ಪ ಶುರುಮಾಡಿದ ಸ್ಟೂಲಿಗೆ ಆರು ವರ್ಷದಿಂದ ಎರಡೇ ಕಾಲಿರುವುದನ್ನು ದಿನಾ ನೋಡುತ್ತಿದ್ದವಳು ನಂಬಿದಳು ಎಂದರೆ ಅದು ಆಸೆಯ ಬಲ. ಮಾರನೆಯ ದಿನವೇ ಕೋಚ್ ಹತ್ತಿರ ಹೋಗಿ, "ಸಾರ್, ನನ್ನ ಬೋರ್ಡು ಬೇರೆ ಯಾರಿಗಾದ್ರೂ ಕೊಡಿ. ನಮ್ಮಪ್ಪ ನಂಗೆ ಮರದ್ದು ಮಾಡ್ತಿದಾರೆ" ಎಂದು ಹೇಳಿ ಎರವಲು ಹಲಗೆಯನ್ನು ಒಪ್ಪಿಸಿ ಬಂದಳು. ಈ ಸುದ್ದಿ ಕೇಳಿದಾಗ ತಕ್ಕಡಿ ಬಾಯಲ್ಲಿಟ್ಟ ತುತ್ತನ್ನು ನುಂಗಬೇಕೋ ಉಗಿಯಬೇಕೋ ಎಂದು ಬಹಳ ಹೊತ್ತು ಯೋಚಿಸಿದ.

ಸಾಮಿಲ್ಲಿಗೆ ಹೋದ. ಅಲ್ಲಿನ ಮೇಸ್ತ್ರಿಯ ಹುಬ್ಬಿನ ಮೇಲೂ ಮರದ ಹುಡಿ ಕೂತಿತ್ತು.

"ಯಾವ ಮರ ಬೇಕು?"

"ಒಳ್ಳೇ ಮರ."

"ಕೆಟ್ಟ ಮರ ನಾನು ಇಟ್ಟಿಲ್ಲ. ಏನಕ್ಕೆ ಬೇಕು ಹೇಳಿ."

ತಕ್ಕಡಿ ಹೇಳಿದ. ಮೇಸ್ತ್ರಿ ಗರಗಸ ನಿಲ್ಲಿಸಿದ. ಅವನಿಗೆ ದೋಣಿ ಕಟ್ಟಿ ಅಭ್ಯಾಸವಿತ್ತು, ಹೀಗಾಗಿ ಕೆಲಸದ ಮಾತು ಬಂದರೆ ಖುಷಿ.

"ತೇಗ ಹಾಕಿದ್ರೆ ನೀರಿಗೆ ಹೆದರಲ್ಲ. ಆದ್ರೆ ಹುಡುಗಿ ಜೊತೆ ಹಲಗೆ ಹೊರೋಕೆ ಇನ್ನಿಬ್ಬರನ್ನ ಕಳಿಸ್ಬೇಕು. ಬೂರುಗ ಹಗುರ, ಆದ್ರೆ ಕುಡುಕ, ನೀರು ಕಂಡ್ರೆ ಬಿಡಲ್ಲ. ದೇವದಾರು ಆಗುತ್ತೆ. ಆದ್ರೆ ನನ್ನ ಹತ್ರ ಇರೋದ್ರಲ್ಲಿ ಬರೀ ಗಂಟು. ಗಂಟಿದ್ದ ಕಡೆ ಅಲೆ ಹೊಡೆದ್ರೆ ಪಟ್ ಅನ್ನುತ್ತೆ. ಹಸೀ ಮರವಂತೂ ಬೇಡವೇ ಬೇಡ, ಒಣಗ್ತಾ ಒಣಗ್ತಾ ತಿರುಚಿಕೊಳ್ಳುತ್ತೆ."

"ಹಾಗಾದ್ರೆ?"

"ಹಳೇ ಮರ ಹುಡುಕಿ. ಮನೆಯೊಳಗೇ ನಲವತ್ತು ವರ್ಷ ಒಣಗಿರ್ಬೇಕು. ಉಗುರಿನಷ್ಟು ಚಕ್ಕೆ ತೆಗೆದು ಒಂದು ದಿನ ನೀರಲ್ಲಿ ಬಿಡಿ. ಮುಳುಗಿದ್ರೆ ಭಾರ. ತೇಲಿ ಉಬ್ಬಿದ್ರೆ ಕುಡುಕ. ತೇಲಿ, ಉಬ್ಬದೆ ಇದ್ರೆ ನನ್ನ ಹತ್ರ ತನ್ನಿ. ತೆಳ್ಳಗೆ ಸೀಳಿ, ಒಳಗೆ ಪಕ್ಕೆಲುಬು ಕೊಟ್ಟು, ಪೊಳ್ಳಾಗಿ ಕಟ್ಟೋಣ."

ಮೇಸ್ತ್ರಿಯ ಮಾತಿನಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಚಕ್ಕೆಯನ್ನು ಯಾರ ಮರದಿಂದ ತೆಗೆಯಬೇಕು ಎಂಬುದನ್ನು ಮಾತ್ರ ಅವನು ಬಿಡಿಸಿ ಹೇಳಲಿಲ್ಲ. ಅಷ್ಟೂ ಹೇಳಬೇಕೆಂದು ಅವನಿಗೇನು ಗೊತ್ತು?

ತಕ್ಕಡಿಯ ಬಳಿ ಪೆನ್ಸಿಲ್ ಹೆರೆಯುವ ಒಂದು ಹಳೆಯ ಚಾಕುವಿತ್ತು. ಅದರ ಅಲಗು ನಡುವೆ ಮುಕ್ಕಾಗಿತ್ತು, ಹಾಗಾಗಿ ಅದು ಕೊಯ್ದಲ್ಲೆಲ್ಲ ಎರಡು ಗೆರೆ ಬಿದ್ದು ಮಧ್ಯೆ ಒಂದು ಏಣು ಉಳಿಯುತ್ತಿತ್ತು. ಮೊದಲು ಮನೆಯ ಮಂಚ. ಮುಳುಗಿತು. ಆಮೇಲೆ ಕಪಾಟು. ಉಬ್ಬಿತು. ಆಮೇಲೆ ಹೆಂಡತಿಯ ಮರದ ಸೌಟು. ಅದು ತೇಲಿತೋ ಮುಳುಗಿತೋ ತಿಳಿಯುವ ಮೊದಲೇ ಹೆಂಡತಿ ಆ ಸೌಟನ್ನೇ ಎತ್ತಿಕೊಂಡಳು.

ಮನೆಯ ಮರ ಮುಗಿದ ಮೇಲೆ ಹೆಡ್‌ಮಿಸ್ ಮನೆಗೆ ಹೋಗಿ ಕೂತ. ಅವರು ಟೀ ತರಲು ಒಳಗೆ ಹೋದಾಗ ಕುರ್ಚಿಯ ಕೈಯ ಕೆಳಗಿನಿಂದ ಒಂದು ಚಕ್ಕೆ ತೆಗೆದು ಜೇಬಿಗಿಳಿಸಿದ. ಕಣ್ಣಿಗೆ ಬೀಳದ ಜಾಗ, ಉಗುರಿನಷ್ಟು ಗಾಯ. ಇದರಲ್ಲಿ ತಪ್ಪೇನು ಎಂದು ಮನಸ್ಸಿನ ಒಂದು ತಟ್ಟೆ ಕೇಳಿತು. ತಪ್ಪು ಎಂದು ಇನ್ನೊಂದು ತಟ್ಟೆ ಹೇಳುವುದರೊಳಗೆ ಟೀ ಬಂತು. ಮುಂದೆ ಲೈಬ್ರರಿಯ ಬೆಂಚು, ದವಾಖಾನೆಯ ಸ್ಟೂಲು, ಷಡ್ಡಕನ ಮನೆಯ ಬೀರು, ಕೊನೆಗೆ ಕಚೇರಿಯಲ್ಲಿ ಸಾಹೇಬರ ಮೇಜು. ಸ್ನಾನದ ಮನೆಯಲ್ಲಿ ಸಾಲಾಗಿ ಗಾಜಿನ ಲೋಟ, ಒಂದೊಂದಕ್ಕೂ ನಂಬರು, ಚೀಟಿ.

"ರೀ, ಇದು ಸ್ನಾನದ ಮನೆನೋ, ರಕ್ತ ಪರೀಕ್ಷೆ ಮಾಡೋ ಜಾಗನೋ?" ಎಂದಳು ಹೆಂಡತಿ. "ಮೈಗೆ ನೀರು ಹಾಕ್ಕೊಳ್ಳೋಕೆ ಮುಂಚೆ ಇಪ್ಪತ್ತೊಂಬತ್ತು ಲೋಟ ದಾಟಬೇಕು ನಾನು."

ತೇಲಿ ಉಬ್ಬದ ಚಕ್ಕೆಗಳು ಸಿಗಲೇ ಇಲ್ಲ ಎಂದಲ್ಲ. ಲೈಬ್ರರಿಯ ಬೆಂಚು ಚೆನ್ನಾಗಿತ್ತು, ಆದರೆ ಗಿಡ್ಡ. ಷಡ್ಡಕನ ಬೀರು ಇನ್ನೂ ಚೆನ್ನಾಗಿತ್ತು, ಆದರೆ ಅದು ಷಡ್ಡಕನದು. ಮಗಳು ದಿನಾ ಬೆಳಿಗ್ಗೆ ಹಲ್ಲುಜ್ಜುತ್ತಾ ಬಂದು, "ಅಪ್ಪಾ, ಯಾವ ಮರ?" ಎಂದು ಕೇಳುತ್ತಿದ್ದಳು. "ನಾಳೆ ಹೇಳ್ತೀನಮ್ಮ" ಎನ್ನುತ್ತಿದ್ದ. ಹೇಳಿ ಕೂರಲಾಗದೆ ಏಳುತ್ತಿದ್ದ, ಎದ್ದು ನಿಲ್ಲಲಾಗದೆ ನಡೆಯುತ್ತಿದ್ದ, ನಡೆಯುತ್ತ ಕಂಡವರ ಬಾಗಿಲ ಚೌಕಟ್ಟು ಸವರುತ್ತಿದ್ದ. ನಲವತ್ತು ದಿನ ಇಪ್ಪತ್ತಾರಾಯಿತು.

ಆಗ ಹೆಡ್‌ಮಿಸ್ಸಿನ ಉಂಗುರ ಕುರ್ಚಿಯ ಕೆಳಗೆ ಉರುಳಿತು. ತೆಗೆಯಲು ಬಗ್ಗಿದವರು ಗಾಯ ಕಂಡರು. ಅಳತೆಪಟ್ಟಿ ತಂದು ಅಳೆದರು. ಎದುರು ಮನೆಯ ಟೈಲರನ್ನು ಕರೆದು ತೋರಿಸಿದರು.

"ಇದು ಇಲಿ ಅಲ್ಲ ಮೇಡಂ" ಎಂದ ಟೈಲರ್, ಮಂಡಿಯೂರಿ, ಕಿವಿಯಲ್ಲಿ ಸಿಕ್ಕಿಸಿದ್ದ ಪೆನ್ಸಿಲ್ಲಿನಿಂದ ಗಾಯದ ಸುತ್ತ ಗೆರೆ ಎಳೆದು. "ಗೆದ್ದಲೂ ಅಲ್ಲ. ನೋಡಿ, ಎರಡೇ ಹಲ್ಲು. ಮಧ್ಯೆ ಸಂದು. ಇದ್ಯಾವುದೋ ಹೊಸಾ ಹುಳ."

ಸಂಜೆಯೊಳಗೆ ಬೀದಿಯವರೆಲ್ಲ ತಲೆಕೆಳಗಾಗಿ ತಂತಮ್ಮ ಪೀಠೋಪಕರಣಗಳ ಹೊಟ್ಟೆ ನೋಡತೊಡಗಿದರು. ಲೈಬ್ರರಿಯಲ್ಲಿ ಸಿಕ್ಕಿತು, ದವಾಖಾನೆಯಲ್ಲಿ ಸಿಕ್ಕಿತು. ಒಬ್ಬಳು ಹುಳದ ಸದ್ದು ಕೇಳಿದೆನೆಂದಳು. ಇನ್ನೊಬ್ಬ ಹುಳವನ್ನೇ ಕಂಡಿದ್ದ; ಹೆಬ್ಬೆರಳಿನ ಗಾತ್ರ, ಬಣ್ಣ ನೀಲಿ, ಕಂಡೊಡನೆ ಹಾರಿಹೋಯಿತಂತೆ. ಮೂವತ್ತೆರಡು ಜನ ಸಹಿ ಹಾಕಿದ ದೂರು ಪುರಸಭೆಗೆ ಬಂತು. ಕೀಟಗಳ ವಿಷಯ ಆರೋಗ್ಯ ವಿಭಾಗದ್ದು. ಆರೋಗ್ಯ ವಿಭಾಗದಲ್ಲಿ ದೂರುಗಳ ಮೇಜು ತಕ್ಕಡಿಯದು. ಅವನು ದೂರನ್ನು ಓದಿ, ನೀರು ಕುಡಿದು, ಮತ್ತೆ ಓದಿದ.

ಅಂದೇ ಹೋಗಿ ನಿಜ ಹೇಳಿದ್ದರೆ ಒಂದು ಬೈಗುಳಕ್ಕೆ ಮುಗಿಯುತ್ತಿತ್ತು. ಹೇಳುವುದೆಂದೇ ಎದ್ದ ಕೂಡ. ಆದರೆ ಈಗಲೋ ಊಟವಾದ ಮೇಲೋ ಎಂದು ತೂಗುತ್ತಿರುವಾಗ ಸಾಹೇಬರೇ ಬಾಗಿಲಿಗೆ ಬಂದರು.

"ಏನ್ರೀ! ನನ್ನ ಮೇಜಿಗೇ ಬಾಯಿ ಹಾಕಿದೆ ಕಣ್ರೀ ಅದು!" ಎಂದರು. ದನಿಯಲ್ಲಿ ಭಯಕ್ಕಿಂತ ಹೆಮ್ಮೆ ಹೆಚ್ಚಾಗಿತ್ತು. "ಪುಸ್ತಕ ಎಲ್ಲಾ ತಿರುವಿ ಹಾಕಿದೆ. ಎರಡು ಹಲ್ಲಿಂದು ಎಲ್ಲೂ ಇಲ್ಲ. ಹೊಸ ಕೀಟ ಕಂಡುಹಿಡಿದ್ರೆ ಕಂಡುಹಿಡಿದವರ ಹೆಸರನ್ನೇ ಇಡ್ತಾರಂತೆ, ಗೊತ್ತಾ?"

"ಸಾರ್, ಅದು... ಒಂದು ವಿಷಯ..."

"ವಿಷಯ ಆಮೇಲೆ. ನೀವು ಮನೆ ಮನೆ ತಪಾಸಣೆ ಮಾಡಿ. ಪ್ರತಿಯೊಂದರಿಂದಲೂ ಒಂದೊಂದು ಚಕ್ಕೆ ಮಾದರಿ ತನ್ನಿ."

ಕುರಿ ಕಾಯಲು ತೋಳಕ್ಕೆ ಸರ್ಕಾರಿ ಆದೇಶ ಸಿಕ್ಕಿದ್ದು ಹೀಗೆ. ತಕ್ಕಡಿ ಎರಡು ರಾತ್ರಿ ಹೊರಳಾಡಿದ ಮೇಲೆ ಒಂದು ಸಮಾಧಾನ ಕಂಡುಕೊಂಡ: ಹೇಗೂ ಹೋಗಬೇಕು, ಹೋದಲ್ಲಿ ಮಗಳ ಮರವೂ ಸಿಗಬಹುದು, ಸಿಕ್ಕ ದಿನ ಎಲ್ಲವನ್ನೂ ಒಟ್ಟಿಗೆ ಹೇಳಿಬಿಟ್ಟರಾಯಿತು. ಚೀಲ ಹೆಗಲಿಗೇರಿಸಿ ಹೊರಟ. ಅವನು ಹೋಗದ ಮನೆಗಳಲ್ಲಿ ಹುಳ ಇರಲಿಲ್ಲ. ಹೋಗಿ ಬಂದ ಮನೆಗಳಲ್ಲೆಲ್ಲ ಇತ್ತು. ಜನ ಗಾಬರಿಯಿಂದ, "ಸದ್ಯ, ಸಮಯಕ್ಕೆ ಬಂದ್ರಿ ಸಾರ್" ಎಂದು ಅವನ ಕೈ ಹಿಡಿದುಕೊಳ್ಳುತ್ತಿದ್ದರು. ಹೆಡ್‌ಮಿಸ್ ಮಾತ್ರ ಒಂದು ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ಏನೋ ಬರೆದುಕೊಳ್ಳುತ್ತಿದ್ದರು.

ಹದಿನೇಳು ದಿನ ಉಳಿದಿರುವಾಗ ಅವನು ಟೈಲರನ ಅಂಗಡಿ ಹೊಕ್ಕ. ಅಲ್ಲಿ ಬಟ್ಟೆ ಕತ್ತರಿಸುವ ಮೇಜಿತ್ತು. ಎಂಟಡಿ ಉದ್ದ, ಒಂದೂ ಗಂಟಿಲ್ಲದ ಅಗಲವಾದ ಎರಡು ಹಲಗೆ. ಟೈಲರನ ತಾತನ ಕಾಲದಲ್ಲಿ ಒಡೆದುಹೋದ ಯಾವುದೋ ಹಡಗಿನ ಕೋಣೆಯಿಂದ ಬಂದದ್ದಂತೆ. ಅರವತ್ತು ವರ್ಷ ಇಸ್ತ್ರಿಪೆಟ್ಟಿಗೆಯ ಶಾಖ ಕುಡಿದು ಒಣಗಿತ್ತು. ತಕ್ಕಡಿ ಬೆರಳಲ್ಲಿ ಬಡಿದ. ಆ ಸದ್ದು ಕೇಳಿ ಇನ್ನೊಮ್ಮೆ ಬಡಿದ. ಒಂದು ಚಕ್ಕೆಯ ಬದಲು ನಾಲ್ಕು ತೆಗೆದ.

"ಅಷ್ಟೊಂದು ಹತ್ತಿದೆಯಾ ಸಾರ್?" ಎಂದು ಟೈಲರ್ ಕಣ್ಣಲ್ಲಿ ನೀರು ತಂದುಕೊಂಡ. ತಕ್ಕಡಿ ಚಕ್ಕೆಗಳನ್ನು ಚೀಲಕ್ಕೆ ಹಾಕಿಕೊಂಡು ಮೆಲ್ಲಗೆ ಹೊರಬಿದ್ದ.

ಅಂದು ಸಂಜೆ ಸಾಹೇಬರು ಪಟ್ಟಿ ಕೇಳಿದರು. ಯಾವ ವಸ್ತುವಿನ ಮೇಲೆ ಎಷ್ಟು ಗಾಯ ಎಂದು ತಕ್ಕಡಿ ತನ್ನ ದುಂಡನೆಯ ಅಕ್ಷರದಲ್ಲಿ ಬರೆದುಕೊಟ್ಟ. ಟೈಲರನ ಮೇಜು, ನಾಲ್ಕು ಗಾಯದೊಡನೆ, ಮೊದಲನೆಯದು. ಪಟ್ಟಿ ಏತಕ್ಕೆ ಎಂದು ಕೇಳುವ ಧೈರ್ಯವಾಗಲಿಲ್ಲ. ಮಾರನೆಯ ದಿನ ಕಚೇರಿಯ ಗೋಡೆಯ ಮೇಲೆ ಅದು ನೋಟೀಸಾಗಿ ಅಂಟಿತ್ತು: ಪಟ್ಟಿಯಲ್ಲಿರುವ ಮರದ ಸಾಮಾನನ್ನೆಲ್ಲ ನಾಳೆ ಬೆಳಿಗ್ಗೆ ಹತ್ತಕ್ಕೆ ಪುರಸಭೆಯ ಮೈದಾನದಲ್ಲಿ ಸುಡಲಾಗುವುದು. ಫೋಟೋ ತೆಗೆಯುವವನಿಗೂ ಹೇಳಿಯಾಗಿತ್ತು. ಸಾಹೇಬರು ಹೊಸ ಕೋಟು ಹೊಲಿಸಬೇಕೆಂದಿದ್ದರು. ಟೈಲರನ ಮೇಜು ಪಟ್ಟಿಯಲ್ಲಿದ್ದ ಕಾರಣ ಅದು ಕೈಗೂಡಲಿಲ್ಲ.

ಸುಡುವ ದಿನ ಬೆಳಿಗ್ಗೆ ಮಗಳು ಹಲ್ಲುಜ್ಜುತ್ತಾ ಬಂದಳು. ಬಂದು, ಏನೂ ಕೇಳಲಿಲ್ಲ. ಬಾಯಿ ತೊಳೆದುಕೊಂಡು ಬಂದು ಮೆತ್ತಗೆ ಹೇಳಿದಳು:

"ಅಪ್ಪಾ, ನಿನ್ನೆ ಕೋಚ್ ಹತ್ರ ಹೋಗಿದ್ದೆ. ಹಳೇ ಬೋರ್ಡು ಬೇರೆ ಹುಡುಗಿಗೆ ಕೊಟ್ಟುಬಿಟ್ಟಿದಾರೆ. ಹದಿನೈದೇ ದಿನ ಉಳಿದಿರೋದು. ಪರವಾಗಿಲ್ಲ ಬಿಡಿ. ಮುಂದಿನ ವರ್ಷ ನೋಡೋಣ."

ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದ. ಸಿಟ್ಟಾಗಿದ್ದರೆ ತಾನೂ ಸಿಟ್ಟಾಗಿ ಪಾರಾಗುತ್ತಿದ್ದ. ಆದರೆ ಅವಳು ಬೇರೆ ಯಾರದೋ ಅಪ್ಪನ ಹತ್ತಿರ ಮಾತಾಡಿದ ಹಾಗೆ ಮರ್ಯಾದೆಯಿಂದ ಮಾತಾಡಿದ್ದಳು. ಯಾವಾಗಲೂ 'ನೀನು' ಎನ್ನುವವಳು 'ಬಿಡಿ' ಎಂದಿದ್ದಳು. ತಕ್ಕಡಿ ಎದ್ದ. ಮುಖ ತೊಳೆಯುವ ನೆಪದಲ್ಲಿ ಸ್ನಾನದ ಮನೆ ಹೊಕ್ಕ. ಅಲ್ಲಿ ನಲವತ್ತಮೂರನೆಯ ಲೋಟದಲ್ಲಿ ಒಂದು ಚಕ್ಕೆ ಒಂದೂವರೆ ದಿನದಿಂದ ತೇಲುತ್ತಿತ್ತು. ಎತ್ತಿ ಒರೆಸಿ ಹಿಚುಕಿದ. ಉಬ್ಬಿರಲಿಲ್ಲ. ಹಾಕಿದಾಗ ಎಷ್ಟಿತ್ತೋ ಅಷ್ಟೇ ಇತ್ತು. ಮತ್ತೆ ನೀರಿಗೆ ಹಾಕಿದ, ಮತ್ತೆ ತೇಲಿತು.

ಚೀಟಿ ಓದಿದ. ಗಡಿಯಾರ ನೋಡಿದ. ಹತ್ತಕ್ಕೆ ಇಪ್ಪತ್ತು ನಿಮಿಷವಿತ್ತು.

ಜನ್ಮದಲ್ಲಿ ಮೊದಲ ಸಲ ಅವನು ಯಾವ ಚಪ್ಪಲಿ ಎಂದು ಯೋಚಿಸಲಿಲ್ಲ. ಬರಿಗಾಲಲ್ಲಿ, ಬನಿಯನ್ನಿನಲ್ಲಿ, ಕೈಯಲ್ಲಿ ನೀರು ತುಂಬಿದ ಲೋಟ ಹಿಡಿದು ಓಡಿದ. "ರೀ, ಏನಾಯ್ತು?" ಎನ್ನುತ್ತ ಹೆಂಡತಿ, ಅವಳ ಹಿಂದೆ ಮಗಳು. ದಾರಿಯಲ್ಲಿ ಕಂಡವರು ಗುಮಾಸ್ತರಿಗೆ ಹುಳ ಕಚ್ಚಿತೆಂದೇ ತಿಳಿದು ದಾರಿ ಬಿಟ್ಟರು.

ಮೈದಾನದಲ್ಲಿ ಕುರ್ಚಿ, ಬೆಂಚು, ಮಂಚ, ಬೀರು ಎಲ್ಲ ಗುಡ್ಡೆ ಬಿದ್ದಿದ್ದವು. ಟೈಲರನ ಮೇಜು ಬಾಗಿಲಿನಿಂದ ಆಚೆ ಬರಲಾರದೆ, ಕಾಲು ಕಿತ್ತು, ಹಲಗೆ ಬಿಡಿಸಿ ತಂದು ಮೇಲಿಟ್ಟಿದ್ದರು. ಟೈಲರ್ ತಲೆಯ ಮೇಲೆ ಕೈಹೊತ್ತು ಕೂತಿದ್ದ. ಸಾಹೇಬರು ಹಳೇ ಕೋಟಿನಲ್ಲೇ, ಸೀಮೆಎಣ್ಣೆಯ ಡಬ್ಬದ ಪಕ್ಕ, ಪಂಜು ಹಿಡಿದು, ಫೋಟೋದವನು ಹೇಳಿದ ಕಡೆಗೆ ಮುಖ ತಿರುಗಿಸಿ ನಿಂತಿದ್ದರು.

"ನಿಲ್ಸಿ!" ಎಂದು ಕೂಗಿದ ತಕ್ಕಡಿ. "ಸುಡಬೇಡಿ! ಹುಳ ಇಲ್ಲ!"

"ಇಲ್ಲ ಅಂದ್ರೆ? ಪಟ್ಟಿ ನೀವೇ ಬರೆದಿದ್ದಲ್ವೇನ್ರೀ?"

"ಹೌದು ಸಾರ್. ಪಟ್ಟಿನೂ ನಂದೇ, ಗಾಯಾನೂ ನಂದೇ. ಆ ಹುಳ ನಾನೇ!"

ಯಾರೂ ನಗಲಿಲ್ಲ. ಸಾಹೇಬರು ಕನಿಕರದಿಂದ, "ಪಾಪ, ಕೆಲಸ ಜಾಸ್ತಿ ಆಗಿದೆ ಇವರಿಗೆ. ನೆರಳಲ್ಲಿ ಕೂರಿಸಿ" ಎಂದರು. ನಿಜ ಹೇಳಿದವನನ್ನು ಇಬ್ಬರು ಹಿಡಿದು ನೆರಳಿಗೆ ಎಳೆಯತೊಡಗಿದರು.

"ಬಿಡಿ ಅವನನ್ನ" ಎಂದಿತು ಒಂದು ದನಿ. ಮೈದಾನದಲ್ಲಿದ್ದವರ ಬೆನ್ನೆಲ್ಲ ನೆಟ್ಟಗಾಯಿತು. ಹೆಡ್‌ಮಿಸ್ ನೋಟ್‌ಬುಕ್ ಹಿಡಿದು ಮುಂದೆ ಬಂದರು. "ಹುಳ ಆಗಿದ್ರೆ ಕಚ್ಚಿ ತೋರಿಸಪ್ಪ."

ತಕ್ಕಡಿ ಪ್ಯಾಂಟಿನ ಜೇಬಿನಿಂದ ಚಾಕು ತೆಗೆದ. ಪಕ್ಕದಲ್ಲಿದ್ದ ಬೆಂಚಿನಿಂದ ಒಂದು ಚಕ್ಕೆ ಎಬ್ಬಿಸಿದ. ಎರಡು ಗೆರೆ, ನಡುವೆ ಏಣು. ಹೆಡ್‌ಮಿಸ್ ಅಳತೆಪಟ್ಟಿ ಇಟ್ಟು ನೋಡಿ ತಲೆಯಾಡಿಸಿದರು.

"ನಂಗೆ ಒಂದು ವಾರದಿಂದ ಗೊತ್ತು" ಎಂದರು. "ಇವನು ಹೋದ ದಿನ ಈ ಕಾಲಂ, ಗಾಯ ಆದ ದಿನ ಆ ಕಾಲಂ. ಎರಡೂ ಒಂದೇ. ಆದ್ರೆ ತಪ್ಪು ಮಾಡಿದವರು ತಾವೇ ಎದ್ದು ನಿಲ್ಲಲಿ ಅಂತ ಕಾಯೋದು ನನ್ನ ಅಭ್ಯಾಸ. ಗಂಟೆ ಹೊಡೆಯೋ ಹೊತ್ತಿಗೆ ಎದ್ದ, ಬಡವ."

ಆಮೇಲೆ ಎದ್ದ ಗದ್ದಲವನ್ನು ವಿವರಿಸಿ ಪ್ರಯೋಜನವಿಲ್ಲ. ಷಡ್ಡಕ ತನ್ನ ಬೀರುವನ್ನು ಅಪ್ಪಿಕೊಂಡು ಅತ್ತ. ನೀಲಿ ಹುಳ ಕಂಡವನು ತಾನು ಕಂಡದ್ದು ನಿಜವೇ ಎಂದು ಕೊನೆಯವರೆಗೂ ವಾದಿಸಿದ. ಸಾಹೇಬರ ಕೈಯಲ್ಲಿ ಪಂಜು ಬಾಡಿತು.

"ಹಾಗಾದ್ರೆ... ಹುಳಕ್ಕೆ ಹೆಸರಿಡೋದು?" ಎಂದರು ಸಣ್ಣಗೆ.

"ಆಗಲೇ ಇಟ್ಟಿದೀವಲ್ಲ ಸಾರ್. ತಕ್ಕಡಿ ಅಂತ" ಎಂದ ಗುಂಪಿನಲ್ಲಿ ಯಾರೋ.

ಟೈಲರ್ ಎದ್ದು ಬಂದು ತಕ್ಕಡಿಯ ಎದುರು ನಿಂತ. "ನಮ್ಮ ತಾತನ ಮೇಜು ಸಾರ್ ಅದು. ಯಾಕೆ ಸಾರ್? ನಾನೇನು ಮಾಡಿದ್ದೆ ನಿಮಗೆ?"

ತಕ್ಕಡಿ ಅರ್ಧ ಚೆಲ್ಲಿದ ಲೋಟವನ್ನು ಮುಂದೆ ಚಾಚಿದ. ಚಕ್ಕೆ ಇನ್ನೂ ತೇಲುತ್ತಿತ್ತು. ಅಲ್ಲೇ ನಿಂತಿದ್ದ ಮಗಳ ಕಡೆ ತಿರುಗಿ, "ಇದೇ ಮರ ಕಣಮ್ಮ" ಎಂದ. "ಇದೇ. ನಾಳೆ ಅಲ್ಲ, ಇವತ್ತೇ ಹೇಳ್ತಿದೀನಿ. ಇನ್ನು ನಮಗೆ ಸಿಗಲ್ಲ, ಆ ಮಾತು ಬೇರೆ. ಆದ್ರೆ ಇದೇ."

ಟೈಲರ್ ಲೋಟ ನೋಡಿದ, ಹುಡುಗಿಯ ಮುಖ ನೋಡಿದ, ಬಿಡಿಬಿಡಿಯಾಗಿ ಬಿದ್ದಿದ್ದ ಹಲಗೆಗಳನ್ನು ನೋಡಿದ. "ಇನ್ನು ಇದನ್ನ ಜೋಡಿಸಿದ್ರೂ ಮಧ್ಯೆ ಸಂದು ಬಿಡುತ್ತೆ. ಕತ್ತರಿ ಸರಿಯಾಗಿ ಓಡಲ್ಲ" ಎಂದು ಗೊಣಗಿದ. "ತಗೊಂಡು ಹೋಗಮ್ಮ. ಆದ್ರೆ ನಾಳೆಯಿಂದ ನಾನು ಯಾವುದರ ಮೇಲೆ ಬಟ್ಟೆ ಕತ್ತರಿಸಲಿ? ನೆತ್ತಿ ಮೇಲಾ?"

"ನಮ್ಮ ಊಟದ ಮೇಜು ತಗೊಂಡು ಹೋಗಿ ಅಣ್ಣಾ" ಎಂದಳು ತಕ್ಕಡಿಯ ಹೆಂಡತಿ.

ಅದು ಅವಳ ತವರಿನಿಂದ ಬಂದ ಮೇಜು. ಅದರ ಮೇಲೆ ಬಿಸಿ ಪಾತ್ರೆ ಇಟ್ಟವರ ಜೊತೆ ಅವಳು ಮಾತು ಬಿಡುತ್ತಿದ್ದಳು. ತಕ್ಕಡಿ ಕಣ್ಣರಳಿಸಿ, "ಮತ್ತೆ ನಾವು ಊಟಕ್ಕೆ?" ಎಂದ.

"ನೆಲ ಇದೆ. ನೆಲ ಆರಿಸೋಕೆ ನೀವು ತಿಂಗಳು ತಗೋಬೇಡಿ ಅಷ್ಟೇ."

ಸಾಹೇಬರು ತಕ್ಕಡಿಯ ಮೇಲೆ ಶೋಕಾಸ್ ನೋಟೀಸ್ ಹೊರಡಿಸಿದರು. ನೋಟೀಸು ಬರೆಯುವುದು ಅವನ ಮೇಜಿನ ಕೆಲಸವಾದ್ದರಿಂದ ಅವನೇ ಬರೆದ, ಅವನೇ ರುಜು ಮಾಡಿ ಪಡೆದುಕೊಂಡ. ಏನೆಂದು ಉತ್ತರಿಸಬೇಕೆಂಬ ಬಗ್ಗೆ ಎರಡು ಕರಡು ತಯಾರಾಗಿವೆ. ಯಾವುದು ಮೇಲೆಂದು ಇನ್ನೂ ತೀರ್ಮಾನವಾಗಿಲ್ಲ. ದಿನಾ ಸಂಜೆ ಮರದ ಪುಟ್ಟಿ ಹಿಡಿದು ಮನೆ ಮನೆಗೆ ಹೋಗಿ ಒಂದೊಂದೇ ಗಾಯ ಮುಚ್ಚಿದ. ಮುಚ್ಚುವಾಗ ಮನೆಯವರು ಪಕ್ಕದಲ್ಲೇ ನಿಂತು ಅವನ ಜೇಬು ನೋಡುತ್ತಿದ್ದರು.

ಹಲಗೆ ಕಟ್ಟಿದ್ದು ಸಾಮಿಲ್ಲಿನ ಮೇಸ್ತ್ರಿ. ಉಜ್ಜಿ ನುಣುಪು ಮಾಡಿದ್ದು ಮಗಳು. ತಕ್ಕಡಿಗೆ ಕೊಟ್ಟ ಕೆಲಸ ಅಂಟು ಒಣಗುವ ತನಕ ಎರಡೂ ತುದಿ ಒತ್ತಿ ಹಿಡಿಯುವುದು. ಅದರಲ್ಲಿ ಆರಿಸುವಂಥದ್ದು ಏನೂ ಇರಲಿಲ್ಲ, ಹಾಗಾಗಿ ಬಹಳ ಚೆನ್ನಾಗಿ ಮಾಡಿದ. ಹಲಗೆಯ ಬಾಲದ ಹತ್ತಿರ ಅವನ ಚಾಕುವಿನ ನಾಲ್ಕು ಗುರುತು ಉಳಿದಿದ್ದವು. ಪುಟ್ಟಿ ತಂದಾಗ ಮಗಳು ಕೈ ಅಡ್ಡ ಹಿಡಿದು, "ಇರ್ಲಿ ಬಿಡಪ್ಪ. ಇದು ನೀನು ಆರಿಸಿದ್ದಕ್ಕೆ ಸಾಕ್ಷಿ" ಎಂದಳು. ಮೆರುಗೆಣ್ಣೆ ಅದರ ಮೇಲೆಯೇ ಬಿತ್ತು. ಮತ್ತೆ 'ನೀನು' ಎಂದಿದ್ದನ್ನು ತಕ್ಕಡಿ ಮನಸ್ಸಿನಲ್ಲೇ ಇಡೀ ದಿನ ಹೇಳಿಕೊಂಡು ತಿರುಗಿದ.

ಸ್ಪರ್ಧೆಯ ದಿನ ಬೀದಿಗೆ ಬೀದಿಯೇ ದಡದಲ್ಲಿತ್ತು. ತಮ್ಮ ಮರ್ಯಾದೆ ಕಳೆದ ಹಲಗೆ ತೇಲುತ್ತದೋ ಇಲ್ಲವೋ ನೋಡಬೇಕಿತ್ತಲ್ಲ. ಹೆಡ್‌ಮಿಸ್ ತಮ್ಮ ಕುರ್ಚಿಯನ್ನೇ ಮರಳಿಗೆ ತರಿಸಿಕೊಂಡು ಕೂತಿದ್ದರು. ತಕ್ಕಡಿ ಕೂರಲಾರದೆ, ನಿಲ್ಲಲಾರದೆ, ಅಲೆಯ ಜೊತೆ ಮುಂದೆ ಹೋಗಿ ಹಿಂದೆ ಬರುತ್ತಿದ್ದ. ಮೊದಲ ಅಲೆಗೆ ಮಗಳು ಬಿದ್ದಳು. ಎರಡನೆಯದಕ್ಕೂ ಬಿದ್ದಳು. ಟೈಲರ್ ಉಗುರು ಕಚ್ಚುತ್ತ, "ತಾತಾ, ಕೈ ಬಿಡಬೇಡ" ಎನ್ನುತ್ತಿದ್ದ. ಮೂರನೆಯ ಅಲೆಗೆ ಅವಳು ಎದ್ದು ನಿಂತಳು. ಹಡಗಿನಿಂದ ಬಂದ ಮರ ಅರವತ್ತು ವರ್ಷ ಅಂಗಿ ಚಡ್ಡಿಗಳ ಕೆಳಗೆ ಬಿದ್ದಿದ್ದು ಮತ್ತೆ ನೀರಿಗೆ ಬಂದಿತ್ತು; ದಡದ ತನಕ ಅವಳನ್ನು ಹೊತ್ತು ತಂದು ತಕ್ಕಡಿಯ ಕಾಲ ಬಳಿ ನಿಂತಿತು.

ಅವಳಿಗೆ ನಾಲ್ಕನೆಯ ಸ್ಥಾನ ಬಂತು. ತಕ್ಕಡಿ ಅತ್ತುಬಿಟ್ಟ. ಅಳಬೇಕೋ ಬೇಡವೋ ಎಂದು ತೂಗಲು ಪುರುಸೊತ್ತಾಗಲಿಲ್ಲ.

ಅಷ್ಟರಲ್ಲಿ ಮಗಳು ಕೋಚ್ ಜೊತೆ ಮಾತಾಡಿ ಏದುಸಿರು ಬಿಡುತ್ತ ಓಡಿ ಬಂದಳು. "ಅಪ್ಪಾ, ಅಪ್ಪಾ! ಕೋಚ್ ತಮಗೂ ಇಂಥದ್ದೇ ಒಂದು ಬೇಕು ಅಂತಿದಾರೆ! ಅದಕ್ಕೆ ಯಾವ ಮರ ಹಾಕೋಣ?"

ಟೈಲರ್ ಕಿವಿಯಲ್ಲಿದ್ದ ಪೆನ್ಸಿಲ್ಲನ್ನು ತೆಗೆದು ಒಳಜೇಬಿಗೆ ಹಾಕಿಕೊಂಡ. ಷಡ್ಡಕ ಬೀರುವಿಗೆ ಬೀಗ ಹಾಕಲು ಮನೆಯ ಕಡೆ ಓಡಿದ. ತಕ್ಕಡಿ ಕಣ್ಣೊರೆಸಿಕೊಂಡು, ಯೋಚಿಸುತ್ತ, ನಿಧಾನವಾಗಿ ಸುತ್ತ ಕಣ್ಣಾಡಿಸಿದ.

ಹೆಡ್‌ಮಿಸ್ ಎರಡು ಕೈಯಿಂದಲೂ ಕುರ್ಚಿಯ ಎರಡು ಕೈಗಳನ್ನು ಬಿಗಿಯಾಗಿ ಹಿಡಿದುಕೊಂಡರು.